ನೂರಕ್ಕೆ ನೂರು ಬಂದ ನೋಟ್ಸು

ಮೇಷ್ಟ್ರ ಬಲಗೈ ಹೆಬ್ಬೆರಳಿನ ತುದಿ ಸವೆದು ನುಣ್ಣಗಾಗಿತ್ತು. ಕೂತಲ್ಲಿ ಸುಮ್ಮನಿರದೆ ಅಂಗಿಯ ಅಂಚನ್ನೋ ಟೇಬಲ್ ಬಟ್ಟೆಯನ್ನೋ ಮಗುಚಿ ಒಳಮೈ ಸವರುತ್ತಿದ್ದರು. ಮೊಳಕಾಲ್ಮೂರಿನ ನೇಕಾರರ ಮನೆಯವರು. ಚಳ್ಳಕೆರೆಯ ನಮ್ಮ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿ ನಿವೃತ್ತರಾಗಿದ್ದರು. ಕಣ್ಣು ಪೂರ್ತಿ ಹೋಗಿದ್ದರೂ ವಾರಕ್ಕೆರಡು ಸಲ ಬಸ್ಸು ಹಿಡಿದು ಬಂದು, ನನ್ನ ಕಂಪ್ಯೂಟರ್ ಕೋಣೆಯಲ್ಲಿ ಕೂತು, ಟೀ ಕುಡಿದು, ನನ್ನ ಕೆಲಸದಲ್ಲಿ ಹುಳುಕು ಹುಡುಕುತ್ತಿದ್ದರು. ನಾನು ಮೊದಲೇ ಮುಂಗೋಪಿ. ಅವರು ಬಾಗಿಲಲ್ಲಿ ಕಂಡರೆ ‘ಬಂತಪ್ಪ ಗ್ರಹಚಾರ’ ಅಂದುಕೊಳ್ಳುತ್ತಿದ್ದೆ.

ಆಗ ತಳಕು ಊರಿನ ಹುಡುಗಿಯೊಬ್ಬಳು ನಮ್ಮಲ್ಲಿ ಬಿ.ಎ. ಓದುತ್ತಿದ್ದಳು. ಹುಟ್ಟಿನಿಂದ ಕಣ್ಣಿಲ್ಲ, ಮೊಬೈಲು ಓದಿ ಹೇಳಿದ್ದನ್ನು ಕೇಳಿಯೇ ಕಲಿಯಬೇಕು. ಅರ್ಥಶಾಸ್ತ್ರದಲ್ಲಿ ಒಂದು ಸಲ ಫೇಲಾಗಿದ್ದಳು. ಈ ಸಲವೂ ಹೋದರೆ ಓದು ಬಿಡಿಸುತ್ತೇವೆ ಎಂದು ಮನೆಯವರು ಹೇಳಿಬಿಟ್ಟಿದ್ದರು. ಪರೀಕ್ಷೆಗೆ ಉಳಿದದ್ದು ಹತ್ತೇ ದಿನ.

ನೋಟ್ಸನ್ನು ಕಾಲೇಜಿನ ವೆಬ್‌ಸೈಟಿಗೆ ಹಾಕುವುದು ನನ್ನ ಕೆಲಸ. ಕಣ್ಣಿಲ್ಲದವರಿಗೆ, ಮಬ್ಬುಗಣ್ಣಿನವರಿಗೆ ಆ ಫೈಲು ಎಷ್ಟು ಅನುಕೂಲ ಎಂದು ಸೈಟೇ ಅಂಕ ಕೊಡುತ್ತದೆ. ಕಡಿಮೆ ಬಂದರೆ ಕೆಂಪು, ನಡುವೆ ಹಳದಿ, ಚೆನ್ನಾಗಿದ್ದರೆ ಹಸಿರು. ಎಲ್ಲವೂ ಹಸಿರಾಗಬೇಕೆಂದು ಪ್ರಿನ್ಸಿಪಾಲರ ಆಜ್ಞೆ. ಪ್ರತಿ ಚಿತ್ರಕ್ಕೂ ವಿವರಣೆ ಬರೆಯಿರಿ ಎಂದು ಸೈಟು ಕೇಳಿತು. ನಾನು ಎಲ್ಲದಕ್ಕೂ ‘ಚಿತ್ರ’ ಎಂದು ಬರೆದು ಕೈತೊಳೆದುಕೊಂಡೆ. ನೂರಕ್ಕೆ ನೂರು ಬಂತು.

ಮೇಷ್ಟ್ರು ತಮ್ಮ ಮೊಬೈಲಿನಲ್ಲಿ ಅದನ್ನೇ ಗಟ್ಟಿಯಾಗಿ ಓದಿಸಿದರು. “ಬೇಡಿಕೆ ರೇಖೆಯನ್ನು ಕೆಳಗೆ ನೋಡಿ. ಚಿತ್ರ. ಪೂರೈಕೆ ರೇಖೆಯನ್ನು ಕೆಳಗೆ ನೋಡಿ. ಚಿತ್ರ.”

“ಸೈಟೇ ಹಸಿರು ಕೊಟ್ಟೈತೆ, ನಿಮ್ದೇನ್ರಿ ಮೇಷ್ಟ್ರೇ ತಕರಾರು?” ಎಂದೆ.

“ವಿವರಣೆ ಐತೋ ಇಲ್ವೋ ಅಷ್ಟೇ ಅದು ನೋಡೋದು ಅಮ್ಮಾಯಿ. ಏನ್ ಬರ್ದೀಯ ಅಂತ ಅದಕ್ಕೆ ತಿಳಿಯಲ್ಲ. ನಮ್ಮಪ್ಪ ಮಗ್ಗದಿಂದ ಸೀರೆ ಇಳಿಸಿದ್ರೆ ಮೊದ್ಲು ಮಗುಚಿ ಒಳಮೈ ಸವರೋರು. ಮೇಲ್ಗಡೆ ಎಲ್ಲಾ ಸೀರೇನೂ ಚೆಂದಾನೇ. ಆ ಹುಡ್ಗಿ ಇರೋದು ಒಳಮೈ ಕಡೆ.”

ನಾಚಿಕೆಯಾಯಿತು. ಕೋಪವೂ ಬಂತು, ಸುಳ್ಳೇಕೆ ಹೇಳಲಿ. ಮಾನಿಟರ್ ಆರಿಸಿ ಬರೀ ಕಿವಿಯಿಂದ ಕೇಳು ಎಂದರು. ಕೇಳಿದೆ. ಕೋಷ್ಟಕ ಬಂದಾಗ ಯಾವುದು ಬೆಲೆ, ಯಾವುದು ಪ್ರಮಾಣ ಎಂದು ನನಗೇ ತಿಳಿಯಲಿಲ್ಲ. ಐದು ದಿನ ಕೂತು, ಯಾವ ರೇಖೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಮಾತಿನಲ್ಲಿ ಬರೆದು, ಎಲ್ಲವನ್ನೂ ಹೊಸದಾಗಿ ಮಾಡಿದೆವು. ಒಂದು ಫೈಲು ಮಾತ್ರ ಹಳದಿಯಲ್ಲೇ ನಿಂತಿತು, ಅಕ್ಷರದ ಬಣ್ಣ ತೀರಾ ತೆಳುವಾಯಿತಂತೆ. ಅವಳಿಗೇನು ಬಣ್ಣ ಎಂದು ನಾನು ಗೊಣಗಿದೆ. “ಮಬ್ಬುಗಣ್ಣಿನೋರು ಇಲ್ವೇನು? ಸೈಟು ಬೈದ್ರೆ ಕೇಳು, ಹೊಗಳಿದ್ರೆ ಪರೀಕ್ಷೆ ಮಾಡು” ಎಂದರು. ತಿದ್ದಿದೆ.

ಮರುದಿನ ಹುಡುಗಿಗೆ ಫೋನು ಮಾಡಿ ನೋಟ್ಸು ಹೆಂಗೈತೆ ಎಂದು ಮೇಷ್ಟ್ರು ಕೇಳಿದರು. ಅವಳು ತಡವರಿಸಿದಳು. “ಬೈಬೇಡ್ರಿ ಸಾರ್. ಎರಡನೇ ಪಾಠ ಕೇಳ್ತಾ ಕೇಳ್ತಾ ನಿದ್ದೆ ಹೋಗ್ಬಿಟ್ಟೆ.” ಐದು ದಿನದ ಕೆಲಸ ನೀರಿಗೆ ಹೋಯಿತು ಅಂದುಕೊಂಡೆ. ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. “ನಾನು ಪಾಠ ಮಾಡ್ವಾಗ್ಲೂ ಎಲ್ರೂ ಅಲ್ಲೇ ಮಲಗೋರು. ನೋಟ್ಸು ಸರಿಯಾಗೈತೆ ಅಮ್ಮಾಯಿ.”

ಕಳೆದ ವರ್ಷ ಮೇಷ್ಟ್ರು ತೀರಿಕೊಂಡರು. ನನ್ನ ಸೋಮಾರಿತನಕ್ಕೆ ಒಂದು ಹುಡುಗಿಯ ಓದೇ ನಿಲ್ಲುವುದಿತ್ತು, ತಡೆದವರು ಅವರು. ಫಲಿತಾಂಶದ ದಿನ ಅವರಿದ್ದರು ಎಂಬುದೊಂದು ನನಗೆ ನೆಮ್ಮದಿ. ಪಾಸಾದ ಹುಡುಗಿ ಅಪ್ಪನ ಕೈ ಹಿಡಿದು ನಮ್ಮ ಕೋಣೆಗೆ ಬಂದಿದ್ದಳು. ಪರೀಕ್ಷೆಯಲ್ಲಿ ಅವಳು ಹೇಳಿದ್ದನ್ನು ಬರೆಯಲು ಕೂತವಳಿಗೆ ಬೇಡಿಕೆ ರೇಖೆ ಎಳೆಯಲು ಬರಲಿಲ್ಲವಂತೆ.

“ಎಡಗಡೆ ಮೇಲಿಂದ ಶುರು ಮಾಡು, ಬಲಕ್ಕೆ ಹೋಗ್ತಾ ಕೆಳಗೆ ಇಳಿಸು ಅಂದೆ ಸಾರ್. ಎಳೆದ್ಲು.”

ಮೇಷ್ಟ್ರ ಹೆಬ್ಬೆರಳು ಟೇಬಲ್ ಬಟ್ಟೆಯ ಮೇಲೆ ಎಡದಿಂದ ಬಲಕ್ಕೆ ಇಳಿಯಿತು. ಆಮೇಲೆ, “ಇನ್ನೊಂದ್ಸಲ ಹೇಳಮ್ಮ” ಎಂದರು.