ಬೋರಮ್ಮ ಬಿಚ್ಚುತ್ತಿರುವ ಆರುನೂರು ಸಂಜೆಗಳು

ಬೆಳಗಿನ ಐದೂವರೆ. ಕ್ಯಾಲಿಫೋರ್ನಿಯಾದ ಲಿವರ್‌ಮೋರಿನ ಬಾಡಿಗೆ ಮನೆಯೊಂದರ ಗರಾಜಿನಲ್ಲಿ ಇನ್ನೂ ದೀಪ ಹತ್ತಿಲ್ಲ, ಆದರೆ ಕೆಲಸ ಶುರುವಾಗಿದೆ. ಅರವತ್ತಮೂರರ ಬೋರಮ್ಮ ಸ್ಟೂಲಿನ ಮೇಲೆ ಕೂತು, ಬಿಳಿ ಸ್ಯಾಟಿನ್ನಿನ ಮೇಲಂಗಿಯೊಂದನ್ನು ಒಳಗು ಹೊರಗು ಮಾಡಿ ತೊಡೆಯ ಮೇಲೆ ಹರಡಿಕೊಂಡಿದ್ದಾರೆ. ಎಡಗೈಯ ತೋರುಬೆರಳು ಲೈನಿಂಗಿನ ಮೇಲೆ ಮೆಲ್ಲಗೆ ಹರಿದಾಡಿ ಒಂದು ಕಡೆ ನಿಲ್ಲುತ್ತದೆ. ಬಿಚ್ಚುವ ಮೊದಲು ಬೆರಳಿಗೆ ಸಿಕ್ಕಿದ್ದನ್ನು ಬಾಯಿಬಿಟ್ಟು ಓದುತ್ತಾರೆ. "ಸ್ಯಾ. ಹದಿನಾಲ್ಕು, ಆರು, ಹನ್ನೆರಡು. ಇದು ಸ್ಯಾಕ್ರಮೆಂಟೊ. ಅವತ್ತು ಕೆಂಪು ಕೂದ್ಲೋಳ್ಗೆ ಜ್ವರ. ಹಂಗೇ ಹಾಡುದ್ಲು ಪಾಪ." ಆಮೇಲೆ ಬಲಗೈಯಲ್ಲಿರುವ, ಹೊಲಿಗೆ ಬಿಚ್ಚುವ ರಿಪ್ಪರಿನ ಮೊನೆ ಹೊಲಿಗೆಯ ಕೆಳಗೆ ತೂರುತ್ತದೆ. ಒಂದೊಂದೇ ಎಳೆ ಕತ್ತರಿಸಿಕೊಂಡು ನೆಲಕ್ಕೆ ಬೀಳುತ್ತದೆ.

ಆ ಎಳೆಗಳನ್ನು ಹನ್ನೆರಡು ವರ್ಷದ ಹಿಂದೆ ಹಾಕಿದವರೂ ಇದೇ ಬೋರಮ್ಮ. ಹೊಲಿದ ಕೈಯಿಂದಲೇ ಬಿಚ್ಚುವ ಇಂಥ ಕೆಲಸ ಶತ್ರುವಿಗೂ ಬೇಡ.

ಅಬ್ಬಾ ಅಂದರೆ ಗೊತ್ತಿಲ್ಲದವರು ಕಡಿಮೆ. ಸ್ವೀಡನ್ನಿನ ನಾಲ್ವರು, ಇಬ್ಬರು ಹೆಂಗಸರು, ಇಬ್ಬರು ಗಂಡಸರು, ಮೈತುಂಬ ಮಿಂಚು. ಅಷ್ಟೆಲ್ಲ ಹೆಸರು ಮಾಡಿದವರು ಊರೂರು ಸುತ್ತಿದ್ದು ಮಾತ್ರ ಬೆರಳೆಣಿಕೆ. ದೊಡ್ಡ ಪ್ರವಾಸ ಅಂತ ಹಿಡಿದರೆ ಎಪ್ಪತ್ತೇಳರಲ್ಲಿ ಯುರೋಪು, ಆಸ್ಟ್ರೇಲಿಯ. ಎಪ್ಪತ್ತೊಂಬತ್ತರಲ್ಲಿ ಕೆನಡಾ, ಅಮೆರಿಕ, ಮತ್ತೆ ಯುರೋಪು. ಎಂಬತ್ತರ ಮಾರ್ಚಿನಲ್ಲಿ ಜಪಾನು. ಅಲ್ಲಿಗೆ ಗಂಟುಮೂಟೆ ಕಟ್ಟಿದರು. ಈ ಬೇ ಏರಿಯಾಗೆ ಬಂದದ್ದು ಒಂದೇ ಒಂದು ಸಂಜೆ, ಇಲ್ಲಿಂದ ಅರ್ಧ ಗಂಟೆ ಫ್ರೀವೇ ದೂರದ ಕಾನ್‌ಕಾರ್ಡಿಗೆ. ಯಾವ ಊರು, ಯಾವ ತಾರೀಕು, ಯಾವ ಹಾಡಿನ ಮೇಲೆ ಯಾವ ಹಾಡು, ಅಭಿಮಾನಿಗಳು ಒಂದನ್ನೂ ಬಿಡದೆ ಇಂಟರ್ನೆಟ್ಟಿಗೆ ಏರಿಸಿದ್ದಾರೆ.

ಅವರ ವೇಷ ತೊಟ್ಟು ಹಾಡಿದವರ ಪ್ರವಾಸವನ್ನು ಯಾರು ಬರೆದಿಡುತ್ತಾರೆ ಹೇಳಿ? 'ಸ್ಯಾಟಿನ್ ಫೋರ್' ಅನ್ನುವ ಇಲ್ಲಿನ ತಂಡ ಇಪ್ಪತ್ತೊಂದು ವರ್ಷ ಅಬ್ಬಾದ ಹಾಡು ಹೊತ್ತು ತಿರುಗಿತು. ಸಾಂತಾ ರೋಸಾದಿಂದ ಫ್ರೆಸ್ನೋವರೆಗೆ ಜಾತ್ರೆಯಂಥ ಕೌಂಟಿ ಫೇರುಗಳು, ಕ್ಯಾಸಿನೊಗಳು, ವೈನರಿಯ ಅಂಗಳಗಳು, ಐವತ್ತು ದಾಟಿದವರ ಹುಟ್ಟುಹಬ್ಬಗಳು. ಒಟ್ಟು ಆರುನೂರ ಹನ್ನೊಂದು ಕಚೇರಿ. ಮೂಲದವರ ಆ ದೊಡ್ಡ ಪ್ರವಾಸಗಳನ್ನೆಲ್ಲ ಕೂಡಿದರೂ ಇದರ ಕಾಲುಭಾಗ ಮುಟ್ಟುವುದಿಲ್ಲ. ಕೊನೆಗೆ ಹಳದಿ ವಿಗ್ಗಿನ ಹಾಡುಗಾರ್ತಿಗೆ ಮಂಡಿ ಹೋಯಿತು, ಕರೆಯುವವರೂ ಕಡಿಮೆಯಾದರು, ತಂಡ ಮುಚ್ಚಿತು. ಕಾರ್ಯಕ್ರಮಗಳ ಪಟ್ಟಿ ಇದ್ದ ಕಂಪ್ಯೂಟರು ಅದಕ್ಕೂ ಮೊದಲೇ ಸತ್ತಿತ್ತು. ಉಳಿದದ್ದು ಬೋರಮ್ಮನ ಲೈನಿಂಗು ಒಂದೇ.

ಬೋರಮ್ಮ ಮದ್ದೂರಿನ ಹತ್ತಿರದ ಹಳ್ಳಿಯವರು. ಅಪ್ಪ ಊರಿನ ಬಟ್ಟೆ ಒಗೆಯುತ್ತಿದ್ದವರು. ಒಗೆದರೂ ಹೋಗದ ಗೇರಿನ ಮಸಿಯಲ್ಲಿ ಬಟ್ಟೆಯ ಮೂಲೆಗೆ ಗುರುತು ಹಾಕುತ್ತಿದ್ದರು, ಒಂದು ಮನೆಗೆ ಎರಡು ಚುಕ್ಕಿ, ಇನ್ನೊಂದು ಮನೆಗೆ ಒಂದು ಗೀಟು. "ನಮ್ಮಪ್ಪಂಗೆ ಓದಾಕ್ ಬರ್ತಿರ್ನಿಲ್ಲ. ಆದ್ರೂ ಒಬ್ರ ಪಂಚೆ ಒಬ್ರ ಮನೆಗೆ ಹೋದುದ್ದಿಲ್ಲ," ಅನ್ನುತ್ತಾರೆ. ಗಂಡ ರಮೇಶ ಫ್ರೀಮಾಂಟಿನ ಹೋಟೆಲ್ಲೊಂದಕ್ಕೆ ಅಡುಗೆಯವರಾಗಿ ಬಂದಾಗ ಇವರೂ ಬಂದರು. ಅಪಾರ್ಟ್‌ಮೆಂಟಿನಲ್ಲಿ ಕೂತು ನಮ್ಮವರ ಬ್ಲೌಸು ಹೊಲಿಯುತ್ತಿದ್ದಾಗ, ಪಕ್ಕದ ಮನೆಯಲ್ಲಿದ್ದ ಹಳದಿ ವಿಗ್ಗಿನ ಆ ಹಾಡುಗಾರ್ತಿ ಕಿತ್ತುಹೋದ ಜಿಪ್ಪು ಹಿಡಿದುಕೊಂಡು ಬಾಗಿಲು ತಟ್ಟಿದಳು. ಅಲ್ಲಿಂದ ಶುರುವಾದದ್ದು ನಾಲ್ವರಿಗೂ ಒಂದೊಂದರಂತೆ ಇಪ್ಪತ್ತೊಂದು ಜೊತೆ ವೇಷಗಳಿಗೆ ಬಂದು ನಿಂತಿತು. ರಮೇಶ ತೀರಿಕೊಂಡ ಮೇಲೂ ಈ ಕೆಲಸ ಕೈಬಿಡಲಿಲ್ಲ.

ಒಮ್ಮೆ ನೋಡಿದ ಬಟ್ಟೆಯನ್ನು ಅದೇ ಊರಿನವರು ಮತ್ತೆ ನೋಡಬಾರದು ಎಂಬುದು ತಂಡದ ಹಟ. ಅದಕ್ಕೇ ಬೋರಮ್ಮ ಅಪ್ಪನ ದಾರಿ ಹಿಡಿದರು. ಪ್ರತಿ ಕಚೇರಿ ಮುಗಿದ ಮಾರನೆಯ ಬೆಳಗ್ಗೆ, ಆ ಜೊತೆಯಲ್ಲಿ ಹಳದಿ ವಿಗ್ಗಿನವಳ ಮೇಲಂಗಿಯ ಲೈನಿಂಗಿಗೆ ಕಂದು ದಾರದಲ್ಲಿ ಊರಿನ ಹೆಸರಿನ ಮೊದಲ ಕನ್ನಡ ಅಕ್ಷರ, ಪಕ್ಕದಲ್ಲಿ ತಾರೀಕು. ವೇದಿಕೆಯ ಮೇಲಿದ್ದ ನಾಲ್ವರಿಗೂ ಆ ಅಕ್ಷರ ಓದಲು ಬರುತ್ತಿರಲಿಲ್ಲ. ಯಾವ ಊರಿಗೆ ಯಾವ ಬಟ್ಟೆ ಅಂತ ಕೇಳಲು ಮಾತ್ರ ನಾಲ್ವರೂ ಬೋರಮ್ಮನ ಹತ್ತಿರವೇ ಓಡಿಬರುತ್ತಿದ್ದರು.

ಮೂರು ವರ್ಷದ ಹಿಂದೆ ಕಣ್ಣಿನ ನಡುಭಾಗ ಮಸುಕಾಯಿತು. ಇನ್ನು ಅದು ವಾಪಸು ಬರುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿದೆ. ಎದುರು ಕೂತವರ ಮುಖ ಕಾಣುವುದಿಲ್ಲ, ಕಿವಿಯ ಓಲೆ ಕಾಣುತ್ತದೆ. ಹೊಲಿಗೆ ನಿಂತಿತು. ಬೆರಳಿನಲ್ಲಿ ಓದುವುದೊಂದು ಉಳಿಯಿತು.

ಈ ವರ್ಷ ತಂಡದ ವೇಷಗಳನ್ನೆಲ್ಲ ದಕ್ಷಿಣ ಕ್ಯಾಲಿಫೋರ್ನಿಯಾದ ಬಾಡಿಗೆ ಅಂಗಡಿಯೊಂದು ಒಟ್ಟಿಗೆ ಕೊಂಡಿತು. ಅವರದು ಒಂದೇ ಷರತ್ತು, ಒಳಗಿನ ಗೀಚುಗಳೆಲ್ಲ ಹೋಗಬೇಕು. ಗೀಚು! ಅದೇ ಹಾಡುಗಾರ್ತಿ ಸಂಕೋಚದಿಂದಲೇ ಬಂದು, ಲೈನಿಂಗನ್ನು ಕತ್ತರಿಸಿ ತೆಗೆಸಿಬಿಡಲೇ ಎಂದು ಕೇಳಿದಳು. ಒಂದು ಅಂಗಿಯಾದರೂ ಇಲ್ಲೇ ಇರಲಿ ಎಂದು ಬೋರಮ್ಮ ಕೇಳಿಕೊಂಡರು. ಜೊತೆ ಮುರಿದರೆ ಅಂಗಡಿಯವರು ಒಪ್ಪುವುದಿಲ್ಲವಂತೆ. "ಕತ್ರಿ ಹಾಕುದ್ರೆ ಮೇಲಿನ ಬಟ್ಟೆ ಜೋತ್ ಬೀಳ್ತದೆ, ಸತ್ತೋಯ್ತದೆ. ಹೊಲ್ದೋಳು ನಾನು, ನಾನೇ ಬಿಚ್ಚುಕೊಡ್ತೀನಿ ಬುಡು ಅಂದೆ," ಎನ್ನುತ್ತಾರೆ ಬೋರಮ್ಮ. ದಿನಕ್ಕೆ ಎರಡು ಅಂಗಿ, ಒಂದೊಂದರಲ್ಲಿ ಇಪ್ಪತ್ತೆಂಟು ಮೂವತ್ತು ಗುರುತು. ಇವತ್ತು ಹನ್ನೊಂದನೇ ದಿನ. ತೊಡೆಯ ಮೇಲಿರುವುದು ಕೊನೆಯ ಅಂಗಿ, ಹತ್ತು ಗಂಟೆಗೆ ವ್ಯಾನು ಬರುತ್ತದೆ.

ಬಿಚ್ಚುವ ಮೊದಲು ಎಲ್ಲವನ್ನೂ ಬರೆದಿಟ್ಟುಕೊಳ್ಳಬೇಕು ಎಂದು ಹಟ ಹಿಡಿದವಳು ಮಗಳು ನಿಸರ್ಗಾ. ಪಾಲೋ ಆಲ್ಟೋದಲ್ಲಿ ಕೆಲಸ, ಇಲ್ಲೇ ಹುಟ್ಟಿದವಳು, ಕನ್ನಡ ಅರ್ಥವಾಗುತ್ತದೆ, ಅಕ್ಷರ ಬರುವುದಿಲ್ಲ. ನಾಲ್ಕು ಭಾನುವಾರ ಗರಾಜಿನಲ್ಲಿ ಕೂತು, ಅಮ್ಮ ಬೆರಳಾಡಿಸಿ ಹೇಳಿದ್ದನ್ನೆಲ್ಲ ಲ್ಯಾಪ್‌ಟಾಪಿಗೆ ಹಾಕಿದಳು. ಬೋರಮ್ಮ ಆ ಪಟ್ಟಿಯನ್ನು ನಂಬಿ ಧೈರ್ಯವಾಗಿ ಬಿಚ್ಚಲು ಕೂತರು.

ಎರಡು ದಿನದ ಹಿಂದೆ, ಹದಿನೆಂಟು ಅಂಗಿ ಮುಗಿದ ಮೇಲೆ, ಅಮ್ಮನಿಗೆ ಸಂತೋಷವಾಗಲಿ ಎಂದು ನಿಸರ್ಗಾ ಪಟ್ಟಿಯನ್ನು ಓದತೊಡಗಿದಳು. "ಫ್ರೆಸ್ನೋ, ಸೆಪ್ಟೆಂಬರ್ ಇಲೆವೆನ್."

"ಅಲ್ಲ ಮಗ, ಅದು ನವೆಂಬರ್ ಒಂಬತ್ತು. ಚಳಿ ಅಂತ ಒಳಗೆ ಸ್ವೆಟರ್ ಹಾಕ್ಸಿದ್ದೆ."

ನಿಸರ್ಗಾ ಲ್ಯಾಪ್‌ಟಾಪಿನ ಪಟ್ಟಿಯನ್ನು ಮೇಲೆ ಕೆಳಗೆ ಸರಿಸಿ ನೋಡಿದಳು. ಆಮೇಲೆ ತಡವರಿಸುತ್ತ ಹೇಳಿದಳು. "ಅಮ್ಮಾ, ನೀನು ಒಂಬತ್ತು, ಹನ್ನೊಂದು ಅಂದೆ. ಇಲ್ಲಿನವ್ರ ಥರ ಮಂತ್ ಫಸ್ಟ್ ಹೇಳ್ತಿದೀಯ ಅನ್ಕೊಂಡೆ. ಎಲ್ಲೋ ಮಧ್ಯದಲ್ಲಿ ಗೊತ್ತಾಯ್ತು, ಅಲ್ಲಿಂದ ಫ್ಲಿಪ್ ಮಾಡಿ ಟೈಪ್ ಮಾಡಿದೆ. ಎಲ್ಲಿಂದ ಅಂತ... ಐ ಡೋಂಟ್ ರಿಮೆಂಬರ್."

ಅಷ್ಟರಲ್ಲಿ ಕಂಪ್ಯೂಟರು ಪಟ್ಟಿಯನ್ನೆಲ್ಲ ತಾರೀಕಿನ ಪ್ರಕಾರ ಜೋಡಿಸಿಬಿಟ್ಟಿತ್ತು. ಯಾವುದು ಮೊದಲು ಬರೆದದ್ದು, ಯಾವುದು ತಿದ್ದಿದ ಮೇಲಿನದು ಎಂದು ಬೇರ್ಪಡಿಸಲು ಆಗಲಿಲ್ಲ. ಹದಿಮೂರರಿಂದ ಮೇಲಿನ ತಾರೀಕುಗಳು ಬಚಾವು, ಹದಿಮೂರನೇ ತಿಂಗಳು ಇಲ್ಲವಲ್ಲ. ಹನ್ನೆರಡರ ಒಳಗಿನ ಇನ್ನೂರಕ್ಕೂ ಹೆಚ್ಚು ಸಂಜೆಗಳು ಬೇಸಿಗೆಯವೋ ಚಳಿಗಾಲದವೋ ಹೇಳುವವರಿಲ್ಲ. ಫೋಟೊ ತೆಗೆದಿಡಲು ಇಬ್ಬರಿಗೂ ಹೊಳೆದಿರಲಿಲ್ಲ, ನೋಡಿ ತಿದ್ದೋಣವೆಂದರೆ ದಾರ ಕಸದ ಚೀಲದಲ್ಲಿದೆ. ಮಗಳು ಅತ್ತಳು. ಉಳಿದ ಮೂರು ಅಂಗಿಗಳನ್ನು ಮತ್ತೆ ಬರೆದುಕೊಳ್ಳುತ್ತೇನೆ ಎಂದಳು, ಬರೆದುಕೊಂಡಳು.

ಬೋರಮ್ಮ ಅವಳನ್ನು ಬೈಯಲಿಲ್ಲ. "ಅವಳ್ದೇನ್ ತಪ್ಪು? ಈ ದೇಸಕ್ ಬಂದು ಇಪ್ಪತ್ತೈದು ವರ್ಸ ಆಯ್ತು, ತಾರೀಕ್ ಹೇಳಾಕೂ ಕಲೀನಿಲ್ಲ ನಾನು," ಎನ್ನುತ್ತಾರೆ. "ಮಿಕ್ಕುದ್ದು ಸರಿಯಾಗದೆ ಅಂತಾಳೆ. ಇನ್ನೂರು ಸುಳ್ಳಾದ್ ಮ್ಯಾಕೆ ಮಿಕ್ಕುದ್ನ ಯಾರ್ ನಂಬ್ತಾರೆ? ನಾನೇ ನಂಬಾಕಿಲ್ಲ. ಇಪ್ಪತ್ತೊಂದ್ ವರ್ಸ ಎಲ್ಲಿದ್ದೆ ಅಂದ್ರೆ ತೋರ್ಸಾಕೆ ನಂಗಿದ್ದುದ್ದು ಅದೊಂದೇ."

ಒಂಬತ್ತೂವರೆಗೆ ಕೊನೆಯ ಗುರುತೂ ಬಿಚ್ಚಿಕೊಳ್ಳುತ್ತದೆ. ಇನ್ನು ಸೂಜಿಯ ತೂತುಗಳು. ಲೈನಿಂಗು ಹತ್ತಿಯದು, ಆವಿ ಕುಡಿಸಿದರೆ ಎಳೆಗಳು ಊದಿಕೊಂಡು ತೂತು ಮುಚ್ಚುತ್ತದೆ. ಬೋರಮ್ಮ ಆವಿಯ ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಗೆ ತಾಗಿಸದೆ ಮೇಲೆಮೇಲೆ ಆಡಿಸುತ್ತಾರೆ, ಒದ್ದೆ ಬಟ್ಟೆಯಲ್ಲಿ ಒತ್ತುತ್ತಾರೆ, ಉಗುರಿನಿಂದ ನವಿರಾಗಿ ಕೆರೆಯುತ್ತಾರೆ, ಮತ್ತೆ ಆವಿ. ಒಂದು ತೂತನ್ನೂ ಬಿಡುವುದಿಲ್ಲ. ಹೊರಗೆ ವ್ಯಾನು ಬಂದು ನಿಂತ ಸದ್ದಾಗುತ್ತದೆ.

"ಬಾ ಮಗ, ಕೈ ಕೊಡು. ತಡವಿ ನೋಡು."

ನಿಸರ್ಗಾ ಅಂಗಿಯ ಒಳಮೈಯನ್ನು ಮೇಲಿನಿಂದ ಕೆಳಗೆ ತಡವುತ್ತಾಳೆ. "ಏನೂ ಇಲ್ಲ ಅಮ್ಮಾ."

"ಸರ್ಯಾಗ್ ನೋಡು. ಏನಾದ್ರೂ ತಟ್ಟುತ್ತಾ?"

"ಇಲ್ಲ. ನಥಿಂಗ್."

ಬೋರಮ್ಮ ಅಂಗಿಯನ್ನು ಹ್ಯಾಂಗರಿಗೆ ಹಾಕಿ ಭುಜ ಸರಿಮಾಡುತ್ತಾರೆ. "ಬಿಚ್ಚಾದು ಅಂದ್ರೆ ಹಂಗಿರ್ಬೇಕು ಕಣವ್ವ. ಇಲ್ಲಿ ಯಾರೋ ಏನೋ ಬರ್ದಿದ್ರು ಅಂತ ದೇವ್ರಿಗೂ ಗೊತ್ತಾಗಾಕಿಲ್ಲ."