ಒಡಪು ಬಿಟ್ಟ ವೀರಭದ್ರಮ್ಮ

ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ಬರಿದೇ ಹೇಳುವಂತಿಲ್ಲ. ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅಜ್ಜಿಯರು ಹೆದರಿಸಿಟ್ಟಿದ್ದಾರೆ. ಗಂಡ ಹೆಂಡತಿಯ ಹೆಸರನ್ನು ದಿನಕ್ಕೆ ನೂರು ಸಲ ಕೂಗಿದರೂ ಅವಳ ಆಯುಷ್ಯಕ್ಕೆ ಏನೂ ಆಗುವುದಿಲ್ಲ, ಅದು ಬೇರೆ ಮಾತು. ಹೇಳಲೇಬೇಕಾಗಿ ಬಂದರೆ ಒಡಪು ಕಟ್ಟಬೇಕು. ಪ್ರಾಸ ಹಾಕಿದ ಎರಡು ಮೂರು ಸಾಲು, ಕೊನೆಗೆ ಗಂಡನ ಹೆಸರು. ಮದುವೆಯಿರಲಿ, ಬಸುರಿಗೆ ಮಾಡುವ ಕುಬಸವಿರಲಿ, ಹೊಸ್ತಿಲಿಗೆ ಅಡ್ಡ ನಿಂತ ಹೆಂಗಸರು ಒಡಪು ಕೇಳದೆ ಯಾರನ್ನೂ ಒಳಗೆ ಬಿಡುವುದಿಲ್ಲ.

ಹೆಚ್ಚಿನವರು ಅವ್ವ ಕಲಿಸಿದ ಒಂದೇ ಒಡಪನ್ನು ಸಾಯುವ ತನಕ ತಿರುವಿ ತಿರುವಿ ಹೇಳುತ್ತಾರೆ. ನನ್ನ ದೊಡ್ಡವ್ವ ವೀರಭದ್ರಮ್ಮ ಹಾಗಲ್ಲ. ನಮ್ಮವ್ವನ ಅಕ್ಕ, ಕುರುಗೋಡಿನವಳು, ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಆದರೆ ಒಮ್ಮೆ ಹೇಳಿದ ಒಡಪನ್ನು ಮತ್ತೊಮ್ಮೆ ಹೇಳಿದರೆ ಅದು ಎಂಜಲು ಎನ್ನುತ್ತಿದ್ದಳು. ಮದುವೆಯಾಗಿ ಗಂಡನ ಮನೆಯ ಹೊಸ್ತಿಲಲ್ಲಿ ನಿಂತಾಗ ಹದಿನಾರರ ಆ ಹುಡುಗಿ ತಲೆ ಎತ್ತಿ,

“ಕುರುಗೋಡು ಗುಡ್ಡಕ್ಕ ಕರಿಮೋಡ ಚಂದ,
ಕರಿಮೋಡದಾಗ ಮಿಂಚು ಚಂದ,
ನನ್ನ ಕೈಬಳಿ ಸಪ್ಪಳಕ್ಕ ತಿರುಗಿ ನೋಡೋ ಉಜ್ಜಿನಪ್ಪನವರ ನಗಿ ಚಂದ”

ಎಂದಳಂತೆ. ಗಂಡಿನ ಕಡೆಯ ಹೆಂಗಸರು ಬಾಯಿ ಮೇಲೆ ಬೆರಳಿಟ್ಟುಕೊಂಡರು. ಉಜ್ಜಿನಪ್ಪನವರು ನಿಜಕ್ಕೂ ನಕ್ಕರು. ಅಂದು ಅವರಿಗೂ ಸಂತೋಷವಾಗಿತ್ತು ಎಂಬುದನ್ನು ನಾನು ಒಪ್ಪುತ್ತೇನೆ. ಮುಂದೆ ಆ ಮನುಷ್ಯನ ಬಗ್ಗೆ ಒಳ್ಳೆಯ ಮಾತು ನನ್ನ ಬಾಯಿಂದ ಕಡಿಮೆಯೇ ಬರುತ್ತದೆ.

ಉಜ್ಜಿನಪ್ಪನವರು ಮದ್ರಾಸಿನಲ್ಲಿ ಓದಿ ಬಂದವರು. ಸಿರುಗುಪ್ಪದ ಕಾಲುವೆ ಕೆಲಸದಲ್ಲಿ ಮೇಲ್ವಿಚಾರಕರಾಗಿದ್ದರು. ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಮನೆ. ಸಾವಿರದ ಒಂಬೈನೂರ ಅರವತ್ತೈದರ ಸುಮಾರಿಗೆ ಬಡ್ತಿ ಸಿಕ್ಕಿ ಇಂಜಿನಿಯರ್ ಆದರು. ಅದರ ಜೊತೆಗೆ ಸರಕಾರ ಅವರಿಗೆ ರೈಲಿನ ಮೊದಲನೆ ಕ್ಲಾಸಿನಲ್ಲಿ ಕೂಡುವ ಅಧಿಕಾರವನ್ನೂ ಕೊಟ್ಟಿತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಎನ್ನುತ್ತಾರಲ್ಲ, ನಮ್ಮ ದೊಡ್ಡಪ್ಪ ಹಗಲಿನಲ್ಲೇ ಹಿಡಿದರು. ಬೂಟು ಬಂತು, ಕರಿಯ ಕೋಟು ಬಂತು, ‘ಸಾಹೇಬರು’ ಎಂದು ಕರೆಯದ ಮನೆಯ ಆಳಿಗೆ ಬೈಗುಳವೂ ಬಂತು.

ತಿಂಗಳಿಗೊಮ್ಮೆ ಹೊಸಪೇಟೆಯ ಅಣೆಕಟ್ಟಿನ ಆಫೀಸಿನಲ್ಲಿ ಸಭೆ. ಎರಡು ಮೂರು ದಿನ ಬಂಗಲೆಯಲ್ಲಿ ಉಳಿಯಬೇಕು. ಸಾಹೇಬರಿಗೆ ಹೋಟೆಲಿನ ಊಟ ಒಗ್ಗುತ್ತಿರಲಿಲ್ಲ, ತಿಂದರೆ ಹೊಟ್ಟೆಯಲ್ಲಿ ಉರಿ. ಆದ್ದರಿಂದ ದೊಡ್ಡವ್ವ ಜೊತೆಗೆ ಹೋಗಬೇಕು, ಬಂಗಲೆಯ ಹಿಂದಿನ ಕೋಣೆಯಲ್ಲಿ ರೊಟ್ಟಿ ಬಡಿಯಬೇಕು. ಸರಕಾರ ಟಿಕೇಟು ಕೊಡುವುದು ಸಾಹೇಬರಿಗೆ ಮಾತ್ರ. ಹೆಂಡತಿಯ ಟಿಕೇಟಿಗೆ ಕೈಯಿಂದ ಹಾಕಬೇಕಲ್ಲ, ಅದಕ್ಕೆ ಮೂರನೆ ಕ್ಲಾಸು.

“ಎರಡು ತಾಸಿನ ದಾರಿ. ಕಣ್ಣು ಮುಚ್ಚಿ ತೆಗಿಯೋದರಾಗ ಹೊಸಪ್ಯಾಟಿ ಬರ್ತದ,” ಎನ್ನುತ್ತಿದ್ದರು ದೊಡ್ಡಪ್ಪ. ಎರಡು ತಾಸಿನ ದಾರಿಗೆ ತಾವೇ ಅವಳ ಜೊತೆ ಹಿಂದೆ ಕೂತರೆ ಏನಾಗುತ್ತಿತ್ತು ಎಂದು ಅವರಿಗೆ ಹೊಳೆಯಲಿಲ್ಲ.

ಹೀಗೆ ಒಂದೇ ರೈಲಿನಲ್ಲಿ ಗಂಡ ಮುಂದಿನ ಡಬ್ಬಿಯ ಮೆತ್ತನೆಯ ಸೀಟಿನಲ್ಲಿ, ಹೆಂಡತಿ ಹಿಂದೆ ಹೆಂಗಸರ ಡಬ್ಬಿಯ ಹಲಗೆಯ ಮೇಲೆ. ಹಿಟ್ಟಿನ ಡಬ್ಬಿ, ಬೇಳೆ, ಕಾರದ ಪುಡಿ, ಎಲ್ಲ ಅವಳ ಕಾಲ ಬುಡದಲ್ಲಿ. ಟಿಕೇಟುಗಳು ಮಾತ್ರ ಎರಡೂ ಸಾಹೇಬರ ಕೋಟಿನ ಜೇಬಿನಲ್ಲಿ, ಅವಳು ಕಳೆದುಬಿಡುತ್ತಾಳೆಂದು. ದೊಡ್ಡವ್ವನಿಗೆ ಮೊದಮೊದಲು ಇದರಿಂದ ದುಃಖವೇನೂ ಆಗಲಿಲ್ಲ. ಮೊದಲನೆ ಕ್ಲಾಸಿನಲ್ಲಿ ತನ್ನ ಗಂಡ ಕೂತಿದ್ದಾನೆ ಎಂಬ ಹೆಮ್ಮೆಯೇ ಇತ್ತು. ಹೆಂಗಸರ ಡಬ್ಬಿಯಲ್ಲಿ ಬಾಯಿ ಬಿಟ್ಟು ನಗಬಹುದಿತ್ತು, ಯಾರದೋ ಕೂಸನ್ನು ಎತ್ತಿಕೊಳ್ಳಬಹುದಿತ್ತು. ಅವಳಿಗೆ ಆ ಎರಡು ತಾಸು ತವರಿಗೆ ಹೋದಂತೆ ಇರುತ್ತಿತ್ತಂತೆ.

ಒಂದು ಕಾರ್ತಿಕದಲ್ಲಿ ಮಗ ಗಾದಿಲಿಂಗನನ್ನು ನಮ್ಮವ್ವನ ಹತ್ತಿರ ಬಿಟ್ಟು ಇಬ್ಬರೂ ಹೀಗೆಯೇ ಹೊರಟರು. ಕುಡತಿನಿ ದಾಟುವಾಗ ಟೀಸಿ ಹೆಂಗಸರ ಡಬ್ಬಿಯಲ್ಲಿದ್ದ. ಗುಂತಕಲ್ಲಿನ ಕಡೆಯ ಮನುಷ್ಯ, ಅರ್ಧ ತೆಲುಗು ಅರ್ಧ ಕನ್ನಡ.

“ಏಮ್ಮಾ, ಟಿಕೇಟು?”

“ನಮ್ಮನಿಯವರ ಹತ್ರ ಐತ್ರಿ. ಮುಂದ ಅದಾರ, ಮೊದಲನೆ ಕ್ಲಾಸಿನಾಗ.”

ಟೀಸಿ ಅವಳ ನೂಲಿನ ಸೀರೆ ನೋಡಿದ, ಹಿಟ್ಟಿನ ಡಬ್ಬಿ ನೋಡಿದ. “ಗಂಡ ಫಸ್ಟ್ ಕ್ಲಾಸು, ಹೆಂಡ್ತಿ ಥರ್ಡ್ ಕ್ಲಾಸು! ಇಪ್ಪತ್ತು ವರ್ಷದ ಸರ್ವೀಸಿನ್ಯಾಗ ಇಂಥ ಜೋಡಿ ನೋಡಿಲ್ಲಮ್ಮಾ. ಹೆಸರೇನು ಆಯಪ್ಪಂದು?”

ದೊಡ್ಡವ್ವ ಪಕ್ಕದವರ ಮುಖ ನೋಡಿದಳು. ಹೆಸರು ಹೇಗೆ ಹೇಳುವುದು?

“ಹೆಸರು ಗೊತ್ತಿಲ್ಲೇನು ಗಂಡಂದು?” ಎಂದು ಅವನು ದನಿ ಏರಿಸಿದ. ಆಗ ಪಕ್ಕದ ಹೆಂಗಸರು ಅವಳ ಪರವಾಗಿ ಎದ್ದರು. ರೂಪನಗುಡಿಯ ಒಬ್ಬ ಮುದುಕಿ, ಮೂಕಮ್ಮ ಎಂದು ಹೆಸರಂತೆ, “ಏ ಅಪ್ಪಾ, ಬರೇ ಹೆಸರು ಹೆಂಗ ಹೇಳ್ತಾಳ? ನಿನ್ನ ಹೇಣ್ತಿ ಹೇಳ್ತಾಳೇನು? ತಡಿ, ಒಡಪು ಹೇಳ್ತಾಳ. ಹೇಳ ನನ್ನವ್ವಾ,” ಎಂದಳು. ಡಬ್ಬಿಗೆ ಡಬ್ಬಿಯೇ ಕಿವಿಗೊಟ್ಟಿತು. ದೊಡ್ಡವ್ವನಿಗೆ ಅಷ್ಟೇ ಸಾಕು. ರೈಲಿನ ಸದ್ದಿಗೆ ಸರಿಯಾಗಿ ಅಲ್ಲೇ ಕಟ್ಟಿದಳು:

“ಹಳಿ ಎರಡು, ಬಂಡಿ ಒಂದು,
ಡಬ್ಬಿ ಎರಡು, ಊರು ಒಂದು,
ಮುಂದಿನ ಡಬ್ಬ್ಯಾಗ ಕುಂತ ಉಜ್ಜಿನಪ್ಪನವರಿಗೂ ನನಗೂ ಮನಿ ಒಂದು.”

ಹೆಂಗಸರು ಹೋ ಎಂದು ನಕ್ಕರು. ಮೂಕಮ್ಮ ಅವಳ ಮುಖಕ್ಕೆ ಕೈ ನಿವಾಳಿಸಿ ನೆಟಿಗೆ ಮುರಿದಳು. ಟೀಸಿಗೂ ನಗು ತಡೆಯಲಾಗಲಿಲ್ಲ. ಬಂಡಿ ನಿಂತಾಗ ಇಳಿದು, ಟಿಕೇಟು ನೋಡಿ ಬರುತ್ತೇನೆಂದು ಮುಂದಿನ ಡಬ್ಬಿಗೆ ಹೋದ.

ಮುಂದಿನ ಡಬ್ಬಿಯಲ್ಲಿ ನಡೆದದ್ದನ್ನು ದೊಡ್ಡಪ್ಪ ಅಂದೇ ಬಂಗಲೆಯಲ್ಲಿ ದೊಡ್ಡವ್ವನಿಗೆ ತಾವೇ ಹೇಳಿದರಂತೆ, ತಮ್ಮದೇನೂ ತಪ್ಪಿಲ್ಲ ಎಂದು ತೋರಿಸುವುದಕ್ಕೆ. ಅಂದು ಇಲಾಖೆಯ ದೊಡ್ಡ ಇಂಜಿನಿಯರು ಗುಂತಕಲ್ಲಿನಿಂದ ಅದೇ ಡಬ್ಬಿಯಲ್ಲಿ ಬರುತ್ತಿದ್ದರು. ಪಕ್ಕದಲ್ಲಿ ಅವರ ಹೆಂಡತಿ, ರೇಷ್ಮೆ ಸೀರೆಯವರು, ಥರ್ಮಾಸಿನಿಂದ ಗಂಡನಿಗೆ ಕಾಫಿ ಬಗ್ಗಿಸಿ ಕೊಡುತ್ತಿದ್ದರು. “ನಿಮ್ಮ ಮನೆಯವರನ್ನು ಕರೆತರಲಿಲ್ಲವೇ?” ಎಂದು ಆಯಮ್ಮ ಕೇಳಿದಾಗ, ಉಜ್ಜಿನಪ್ಪನವರು ನಾಚಿಕೆಗೆ ಸುಳ್ಳು ಹೇಳಿದ್ದರು: “ಇಲ್ಲಮ್ಮಾ, ಮಗು ಸಣ್ಣದು, ಊರಲ್ಲೇ ಇದ್ದಾಳೆ.” ಆ ಮಾತಿನ ಬಿಸಿ ಆರುವ ಮೊದಲೇ ಟೀಸಿ ಬಾಗಿಲಲ್ಲಿ ನಿಂತು, ಹಿಂದಿನ ಡಬ್ಬಿಯಲ್ಲಿ ಒಬ್ಬಾಕೆ ನಿಮ್ಮ ಹೆಂಡತಿ ಅಂತ ಹೇಳುತ್ತಿದ್ದಾಳೆ, ಹೌದೇ ಎಂದು ಕೇಳಿದ.

ಉಜ್ಜಿನಪ್ಪನವರು ಎರಡನೆಯ ಟಿಕೇಟು ತೆಗೆದು ತೋರಿಸಿದರು. “ಹೆಂಡ್ತಿ ಅಲ್ಲ. ಅಡಿಗಿ ಆಳು,” ಎಂದರು.

ತೋರಣಗಲ್ಲಿನಲ್ಲಿ ಟೀಸಿ ಹಿಂದಕ್ಕೆ ಬಂದ. ಈಗ ಅವನ ಮುಖದಲ್ಲಿ ನಗು ಇರಲಿಲ್ಲ. ಎಲ್ಲರಿಗೂ ಕೇಳುವಂತೆ ಹೇಳಿದ: “ಏಮ್ಮಾ, ಅಡಿಗಿ ಆಳಾಗಿ ಸಾಹೇಬರ ಹೆಸರು ಹೇಳಿ ಒಡಪು ಹಾಕ್ತೀಯಾ? ಸಾಹೇಬರು ಮರ್ಯಾದಸ್ಥರು, ಟಿಕೇಟು ತೋರಿಸಿದ್ರು. ಇಲ್ಲಾಂದ್ರ ಇಲ್ಲೇ ಇಳಿಸ್ತಿದ್ದೆ.”

ದೊಡ್ಡವ್ವನ ಕೈ ಕೊರಳಿಗೆ ಹೋಯಿತು. ತಾಳಿ ಎತ್ತಿ ತೋರಿಸಬೇಕೆನಿಸಿತಂತೆ. ತೋರಿಸಿ ಏನು ಫಲ? ತಾಳಿಯ ಮೇಲೆ ಕಟ್ಟಿದವನ ಹೆಸರು ಬರೆದಿರುತ್ತದೆಯೇ? ಹೆಂಗಸರು ಮೊದಲು ಅವಳನ್ನು ನೋಡಿದರು, ಆಮೇಲೆ ಒಬ್ಬರನ್ನೊಬ್ಬರು ನೋಡಿದರು. “ಇಟ್ಕೊಂಡಾಕಿ ಇರಬೇಕು,” ಎಂದು ಹಿಂದಿನಿಂದ ಒಂದು ದನಿ ಬಂತು. ಅವಳ ಮಡಿಲಲ್ಲಿದ್ದ ಕೂಸನ್ನು ಅದರ ತಾಯಿ ಬಂದು ಎತ್ತಿಕೊಂಡು ಹೋದಳು. ನೆಟಿಗೆ ಮುರಿದ ಮೂಕಮ್ಮ ತನ್ನ ಗಂಟನ್ನು ಆಚೆ ಎಳೆದುಕೊಂಡು ಕಿಟಕಿಯ ಕಡೆ ತಿರುಗಿದಳು. ಹೊಸಪೇಟೆ ಬರುವ ತನಕ ಆ ಡಬ್ಬಿಯಲ್ಲಿ ನನ್ನ ದೊಡ್ಡವ್ವನ ಜೊತೆ ಯಾರೂ ಮಾತಾಡಲಿಲ್ಲ.

ಬಂಗಲೆಗೆ ಹೋದ ಮೇಲೆ ದೊಡ್ಡಪ್ಪ ಬೈದದ್ದು ಅವಳನ್ನೇ. “ಆ ಮಂದಿ ಮುಂದ ಒಡಪು ಹೇಳು ಅಂತ ಯಾರು ಹೇಳಿದ್ರು ನಿನಗ? ಟಿಕೇಟು ಸಾಹೇಬರ ಹತ್ರ ಐತಿ ಅಂದಿದ್ರ ಮುಗೀತಿತ್ತು. ದೊಡ್ಡ ಇಂಜಿನಿಯರ ಎದುರು ನನ್ನ ಮಾನ ಹೋಗೋದು ಕೂದಲೆಳಿ ಅಂತರದಾಗ ಉಳೀತು.” ಆಮೇಲೆ ಕೈ ತೊಳೆದು ಊಟಕ್ಕೆ ಕೂತರು. ರೊಟ್ಟಿ ಚೆನ್ನಾಗಿವೆ ಎಂದರಂತೆ.

ಊರಿಗೆ ಬಂದು ಎಲ್ಲವನ್ನೂ ದೊಡ್ಡವ್ವ ನಮ್ಮವ್ವನ ಮುಂದೆ ಹೇಳಿಕೊಂಡಳು. ಗಂಡನ ಮುಂದೆ ಅದನ್ನು ಮತ್ತೆ ಎತ್ತಲಿಲ್ಲ. ಅವನಾಗಿ ಒಂದು ದಿನ ತಪ್ಪಾಯಿತು ಎನ್ನಲಿ ಎಂದು ಕಾದಳು. ಮುಂದಿನ ತಿಂಗಳು ಸ್ಟೇಷನ್ನಿನಲ್ಲಿ ಮಾತ್ರ, “ನನ್ನ ಟಿಕೇಟು ನನ್ನ ಕೈಗೆ ಕೊಡ್ರಿ,” ಎಂದು ಕೇಳಿ ಇಸಿದುಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು. ಕೊನೆಗಾದರೂ ಜವಾಬ್ದಾರಿ ಬಂತು ಎಂದು ದೊಡ್ಡಪ್ಪ ಮೆಚ್ಚಿಕೊಂಡರು.

ಅವಳು ಒಡಪು ಹೇಳುವುದನ್ನು ಬಿಟ್ಟಳು. ಹೊಸ್ತಿಲಲ್ಲಿ ಹೆಂಗಸರು ತಡೆದರೆ ಗಂಟಲು ಕೆಟ್ಟಿದೆ ಎನ್ನುವಳು. ಹೆಚ್ಚು ಕಾಡಿದರೆ, “ನಿಮ್ಮ ಗಂಡಂದಿರ ಹೆಸರು ನೀವು ಹೇಳ್ಕೋರಿ, ನಿಮಗರ ಖಾತ್ರಿ ಇದ್ರ,” ಎಂದು ಸಿಡಿಯುವಳು. ಬರುಬರುತ್ತ ನಾಲಿಗೆ ಕಹಿಯಾಯಿತು. ಯಾರ ಸಂಸಾರದ ಸುಖ ಕಂಡರೂ ಒಂದು ಕೊಂಕು. ನನ್ನ ಮದುವೆಗೆ ಒಂದು ಒಡಪು ಕಟ್ಟಿಕೊಡು ಎಂದು ಕೇಳಿದ್ದಕ್ಕೆ, “ಮೊದಲು ಅಂವ ‘ಕೊಟ್ರಿ’ ಅಂತ ನಿನ್ನ ಹೆಸರು ನಾಕು ಮಂದ್ಯಾಗ ಹೇಳ್ತಾನೇನು ನೋಡು,” ಎಂದಳು. ನನಗೆ ಅಳು ಬಂತು. ಅವಳ ಮೇಲೆ ಸಿಟ್ಟೂ ಬಂತು. ಅನ್ಯಾಯ ಉಂಡವರು ಒಳ್ಳೆಯವರಾಗಿಯೇ ಉಳಿಯುತ್ತಾರೆ ಎಂದು ಯಾರು ಹೇಳಿದರೋ ನಾನು ಕಾಣೆ.

ಎಪ್ಪತ್ತರ ದಶಕದ ನಡುವೆ ಸರಕಾರ ಮೂರನೆ ಕ್ಲಾಸನ್ನು ತೆಗೆದು ಅದೇ ಡಬ್ಬಿಗೆ ಎರಡನೆ ಕ್ಲಾಸು ಎಂದು ಹೆಸರಿಟ್ಟಿತು. “ನೋಡು, ನಿನಗೂ ಬಡ್ತಿ ಬಂತು,” ಎಂದು ದೊಡ್ಡಪ್ಪ ನಗೆಯಾಡಿದರು. “ಬೋರ್ಡು ಬದಲಾತು, ಹಲಗಿ ಅದ ಐತಿ,” ಎಂದಳು ದೊಡ್ಡವ್ವ.

ಎಂಬತ್ಮೂರರಲ್ಲಿ ಗಾದಿಲಿಂಗನ ಮದುವೆಯಾಯಿತು. ಹೆಣ್ಣು ಸಿರುಗುಪ್ಪದ್ದು, ಹಂಪಮ್ಮ. ಸೊಸೆಯನ್ನು ಮನೆ ತುಂಬಿಸಿಕೊಳ್ಳುವ ಸಂಜೆ ಸತ್ಯನಾರಾಯಣಪೇಟೆಯ ಮನೆಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ನಿವೃತ್ತರಾಗಿದ್ದ ದೊಡ್ಡಪ್ಪ ಕಟ್ಟೆಯ ಮೇಲೆ ಬೀಗರ ಜೊತೆ ಕೂತಿದ್ದರು. ಹೊಸ್ತಿಲಿಗೆ ಅಡ್ಡ ನಿಂತ ಹೆಂಗಸರು, ಮೊದಲು ಅತ್ತೆ ಹೇಳಲಿ, ಆಮೇಲೆ ಸೊಸೆ ಎಂದು ಹಟ ಹಿಡಿದರು. ಮತ್ತೆ ಗಂಟಲು ಕೆಟ್ಟಿದೆ ಎನ್ನುತ್ತಾಳೆ ಎಂದುಕೊಂಡೆ. ದೊಡ್ಡವ್ವ ಸೆರಗು ಸರಿಮಾಡಿಕೊಂಡು ಕಟ್ಟೆಯ ಕಡೆ ತಿರುಗಿ, ಗಂಡನನ್ನು ನೆಟ್ಟಗೆ ನೋಡುತ್ತ ಹೇಳಿದಳು:

“ಹಳಿ ಎರಡು, ಬಂಡಿ ಒಂದು,
ಡಬ್ಬಿ ಎರಡು, ಊರು ಒಂದು,
ಮುಂದಿನ ಡಬ್ಬ್ಯಾಗ ಕುಂತ ಉಜ್ಜಿನಪ್ಪ ಸಾಹೇಬರಿಗೆ ಅಡಿಗಿ ಮಾಡೋ ಆಳು ನಾನೊಂದು.”

ನಮ್ಮವ್ವ ನನ್ನ ಕೈ ಹಿಡಿದಳು. ಇಷ್ಟು ವರ್ಷ ಈ ಹೆಂಗಸು ಕಾದದ್ದು ಈ ಒಂದು ಕ್ಷಣಕ್ಕೆ ಎಂದು ನಮಗಿಬ್ಬರಿಗೂ ಗೊತ್ತಾಯಿತು. ನಾನು ದೊಡ್ಡಪ್ಪನ ಮುಖ ನೋಡಿದೆ.

ಅವರು ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ, ತೊಡೆ ತಟ್ಟಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ. “ಕೇಳಿದ್ರೇನ್ರಿ ಬೀಗರ, ಒಡಪಂದ್ರ ನಮ್ಮಾಕಿದು! ಇನ್ನ ಸಂಬಳ ಕೇಳ್ತಾಳ ನೋಡ್ರಿ!” ಎಂದರು. ಬೀಗರೂ ನಕ್ಕರು, ಹೆಂಗಸರೂ ನಕ್ಕರು, ಸೊಸೆಯೂ ನಾಚುತ್ತ ತನ್ನ ಒಡಪು ಹೇಳಿ ಬಲಗಾಲಿಟ್ಟು ಒಳಗೆ ಬಂದಳು.

ಊಟಕ್ಕೆ ಎಲೆ ಹಾಕುವ ಹೊತ್ತಿಗೆ ದೊಡ್ಡಪ್ಪ ಅಡುಗೆಮನೆಯ ಬಾಗಿಲಿಗೆ ಬಂದರು. ನಾನು ಅಲ್ಲೇ ಹೋಳಿಗೆ ಜೋಡಿಸುತ್ತಿದ್ದೆ. “ಲೇ, ಭಾಳ ಚಂದ ಹೇಳಿದಿ. ಅದೇನದು ರೈಲಿಂದು, ಯಾವಾಗ ಕಟ್ಟಿದ್ದಿ?”

ದೊಡ್ಡವ್ವ ಅವರ ಮುಖವನ್ನು ಹುಡುಕಿ ಹುಡುಕಿ ನೋಡಿದಳು. “ನಿಮಗ ನೆಪ್ಪಿಲ್ಲೇನ್ರಿ? ಆ ಟೀಸಿ, ತೋರಣಗಲ್ಲು?”

“ಯಾವ ಟೀಸಿ?” ಎಂದರು ದೊಡ್ಡಪ್ಪ. ಬೇಕೆಂದು ಮರೆತವರ ಮುಖವಲ್ಲ ಅದು. ನಿಜವಾಗಿಯೂ ಮರೆತಿದ್ದರು.

“ಏನಿಲ್ಲ. ಕೂಡ್ರಿ ಹೋಗ್ರಿ, ಬಡಸ್ತೀನಿ.”

ಅವರು ಹೋದ ಮೇಲೆ ಅವಳು ಒಲೆಯ ಕೊಳ್ಳಿ ಹಿಂದಕ್ಕೆ ಎಳೆದಳು. ಆಮೇಲೆ ನನ್ನ ಕಡೆ ತಿರುಗಿದಳು.

“ನೋಡಿದೇನ ಕೊಟ್ರಿ? ಇಷ್ಟು ವರ್ಷ ಈ ಕೆಂಡ ನಾನು ಉಡ್ಯಾಗ ಕಟ್ಟಿಕೊಂಡು ತಿರುಗಿದೆ, ಒಂದಿನ ಇವರ ಮ್ಯಾಲೆ ಒಗೀತೀನಿ ಅಂತ. ಸುಟ್ಟಿದ್ದು ನನ್ನ ಉಡಿ ಅಷ್ಟ.”

ಹೊರಗಿನಿಂದ ಸಾಹೇಬರು ಕೂಗಿದರು. ಅವಳು ಹೋಳಿಗೆಯ ಬುಟ್ಟಿ ಎತ್ತಿಕೊಂಡು ಬಡಿಸಲು ಹೋದಳು.