ಲಾಹ್ತಿಗೆ ಹೋದ ಅರಳಗುಪ್ಪೆಯ ಕಾಯಿ

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನನ್ನ ಕೈಚೀಲದಿಂದ ಉಂಡೆ ಕೊಬ್ಬರಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟರು. ಎಣ್ಣೆಯಂಶ ಜಾಸ್ತಿ, ಬೆಂಕಿ ಹತ್ತಿಕೊಳ್ಳುವ ಪದಾರ್ಥ, ವಿಮಾನಕ್ಕೆ ಸೇರಿಸುವ ಹಾಗಿಲ್ಲವಂತೆ. "ಅಲ್ಲಮ್ಮ, ತಿಪಟೂರು ಸೀಮೆಯೋಳು ಕೊಬ್ಬರಿ ಇಲ್ದೆ ನೆಂಟ್ರ ಮನೆಗೆ ಹೋಗೋದು ಹೆಂಗೆ?" ಎಂದು ತಪಾಸಣೆಯ ಹುಡುಗಿಯನ್ನು ಕೇಳಿದೆ. ಅವಳು ನಕ್ಕಳೇ ಹೊರತು ಕೊಬ್ಬರಿ ವಾಪಸು ಕೊಡಲಿಲ್ಲ.

ಪುಣ್ಯಕ್ಕೆ ಮುಖ್ಯವಾದದ್ದು ಆಗಲೇ ದೊಡ್ಡ ಪೆಟ್ಟಿಗೆಯಲ್ಲಿ ಸೀರೆಗಳ ನಡುವೆ ಕೂತು ಮುಂದೆ ಹೋಗಿತ್ತು. ಅದೊಂದು ಜುಟ್ಟಿನ ತೆಂಗಿನಕಾಯಿ. ನನ್ನ ತಂಗಿ ಗಿರಿಜಾ ಫಿನ್ಲೆಂಡಿನ ಲಾಹ್ತಿ ಎಂಬ ಊರಿನಲ್ಲಿ ನರ್ಸ್. ಅಲ್ಲಿಯ ಬಸ್ ಡ್ರೈವರೊಬ್ಬನನ್ನು ಮದುವೆಯಾಗಿ ಅಲ್ಲೇ ನೆಲೆಸಿದ್ದಾಳೆ. ಅವಳ ಮಗಳು ಉಮಾ ಹುಟ್ಟಿದ ವಾರ ಅರಳಗುಪ್ಪೆಯ ನಮ್ಮ ತೋಟದಲ್ಲಿ ಅವಳ ಹೆಸರಿನಲ್ಲೊಂದು ಸಸಿ ನೆಟ್ಟಿದ್ದೆ. ಈಗ ಅವಳಿಗೆ ಹನ್ನೊಂದು ವರ್ಷ, ಮರ ಫಲ ಬಿಡುತ್ತಿದೆ. ಆ ಊರಿನ ಮಕ್ಕಳು ಕಾಲಿಗೆ ಸ್ಕೀ ಎಂಬ ಉದ್ದ ಹಲಗೆ ಕಟ್ಟಿಕೊಂಡು ಹಿಮದ ಗುಡ್ಡದಿಂದ ಹಾರುತ್ತಾರೆ. ಉಮಾಳೂ ಹಾರುತ್ತಾಳೆ. ಈ ಸಲ ಚಿಕ್ಕ ಗುಡ್ಡ ಬಿಟ್ಟು ಅದಕ್ಕಿಂತ ದೊಡ್ಡದರಿಂದ ಹಾರಬೇಕೆಂದು ಹಟ ಹಿಡಿದಿದ್ದಳು. ಗಿರಿಜಾಗೆ ಜೀವ ಹೋದಷ್ಟು ಭಯ. ಕೊನೆಗೆ ಫೋನಿನಲ್ಲಿ ನನಗೆ ಹೇಳಿದ್ದಳು: "ಅವಳ ಮರದ ಕಾಯಿ ತಂದು ಆ ಗುಡ್ಡದ ಮುಂದೆ ನೀನೇ ಒಡೆಯಕ್ಕ. ಆಮೇಲೆ ಹಾರ್ಲಿ. ಕಾಯಿ ಒಡೀದೆ ನಾನಂತೂ ಬುಡಲ್ಲ."

ತುರುವೇಕೆರೆಯ ಹೈಸ್ಕೂಲಿನಲ್ಲಿ ನಾನು ದೈಹಿಕ ಶಿಕ್ಷಣ ಶಿಕ್ಷಕಿಯಾಗಿದ್ದವಳು. ನಿವೃತ್ತಿಯ ತನಕ ಲಾಂಗ್ ಜಂಪ್ ಗುಂಡಿಯ ಪಕ್ಕ ಸೀಟಿ ಹಿಡಿದು "ಹಾರೇ, ಹೆದರಬೇಡ" ಎಂದು ಕೂಗಿದವಳಿಗೆ ಇದಕ್ಕಿಂತ ಒಳ್ಳೆಯ ಕರೆ ಇನ್ನೇನು ಬೇಕು? ಹೊರಟೆ.

ಹೆಲ್ಸಿಂಕಿಯಲ್ಲಿ ಇಳಿದಾಗ ಕಾಯಿಯನ್ನೂ ಕಿತ್ತುಕೊಳ್ಳುತ್ತಾರೇನೋ ಎನ್ನುವ ಭಯಕ್ಕೆ ನಾನೇ ಪೆಟ್ಟಿಗೆ ತೆರೆದು ತೋರಿಸಿದೆ. ಸುಂಕದ ಅಧಿಕಾರಿ ಕಾಯಿಯನ್ನು ತಿರುಗಿಸಿ ನೋಡಿ, ರೋಗವಿಲ್ಲವೆಂಬ ಪ್ರಮಾಣಪತ್ರವಿಲ್ಲದೆ ತರಬಹುದಾದ ಕೆಲವೇ ಹಣ್ಣುಗಳಲ್ಲಿ ಇದೂ ಒಂದು ಎಂದ. ಬಾಳೆ, ಅನಾನಸ್, ಖರ್ಜೂರದ ಜೊತೆಗೆ ನಮ್ಮ ತೆಂಗು! ಅಲ್ಲೇ ಅವನಿಗೊಂದು ನಮಸ್ಕಾರ ಹಾಕಿದೆ. ಅಲ್ಲಿಂದ ಲಾಹ್ತಿಗೆ ರೈಲು. ತಿಪಟೂರಿನಿಂದ ಬೆಂಗಳೂರಿಗಿರುವಷ್ಟು ದೂರವೂ ಇಲ್ಲ. ಟಿಕೆಟ್ಟಿಗೆ ಕೊಟ್ಟ ಯೂರೋಗಳನ್ನು ರೂಪಾಯಿಗೆ ತಿರುಗಿಸಿ ನೋಡಿದ ಮೇಲೆ ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ಏನೂ ಕಾಣಿಸಲಿಲ್ಲ. ಆಮೇಲೆ ಕಂಡದ್ದು ಹಿಮ, ಹಿಮದಲ್ಲಿ ನಿಂತ ಮರ, ಮತ್ತೆ ಹಿಮ. ಬೋಗಿಯ ತುಂಬ ಜನರಿದ್ದರೂ ಯಾರೂ ಯಾರ ಜೊತೆಯೂ ಮಾತಾಡುತ್ತಿರಲಿಲ್ಲ. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸಿಗೆ ಕಾಯುವಾಗ ಒಂದು ನಿಮಿಷಕ್ಕೆ ಆಗುವಷ್ಟು ಮಾತು ಇಡೀ ಪ್ರಯಾಣದಲ್ಲಿ ಆಗಲಿಲ್ಲ.

ಲಾಹ್ತಿ ನಿಲ್ದಾಣದಲ್ಲಿ ಇಳಿದಾಗ ಚಳಿ ಸೊನ್ನೆಗಿಂತ ಹದಿನಾಲ್ಕು ಡಿಗ್ರಿ ಕೆಳಗಿತ್ತು. ಉಸಿರೆಳೆದರೆ ಮೂಗಿನೊಳಗೆ ಕಚಗುಳಿ. ಕೆಂಚು ಕೂದಲಿನ ಹುಡುಗಿಯೊಬ್ಬಳು ಓಡಿ ಬಂದು ನನ್ನ ಪೆಟ್ಟಿಗೆ ಕಸಿದುಕೊಂಡು, "ಬಾ ದೊಡ್ಡಮ್ಮ, ನಾನ್ ಹಿಡ್ಕತೀನಿ ಬುಡು" ಎಂದಳು. ನಾನು ನಿಂತಲ್ಲೇ ನಿಂತೆ. ಉಮಾ ಕನ್ನಡ ಕಲಿತದ್ದು ಅಮ್ಮನ ಬಾಯಿಂದ ಮಾತ್ರ, ಹಾಗಾಗಿ ಅಚ್ಚ ಅರಳಗುಪ್ಪೆಯ ಮಾತು. ಪಕ್ಕದಲ್ಲಿ ಗಿರಿಜಾ ಅಳುತ್ತಲೂ ನಗುತ್ತಲೂ ನಿಂತಿದ್ದಳು.

ಮನೆಯೊಳಗೆ ಗೋಡೆಗೆ ಕೂರಿಸಿದ ಬಿಸಿ ಕೊಳವೆಗಳು. ಹೊರಗೆ ಅಂಥ ಚಳಿಯಿದ್ದರೂ ಒಳಗೆ ನಮ್ಮ ಚೈತ್ರ ಮಾಸ. ಊಟಕ್ಕೆ ಅನ್ನ, ಸಾರು. ಜೊತೆಗೆ ಆ ಕಡೆಯ ಒಂದು ತಿಂಡಿ: ರಾಗಿ ಬಣ್ಣದ ತೆಳು ರೊಟ್ಟಿಯಂಚನ್ನು ಚಿವುಟಿ ಮಡಿಸಿ ಒಳಗೆ ಹಾಲಿನಲ್ಲಿ ಬೆಂದ ಅನ್ನ ತುಂಬಿದ್ದರು. ಹಿಟ್ಟು ರಾಗಿಯದಲ್ಲ, ರೈ ಎಂಬ ಧಾನ್ಯದ್ದು. ಖಾರವಿಲ್ಲ, ಸಿಹಿಯಿಲ್ಲ, ಆದರೂ ಮೂರು ತಿಂದೆ. ಮಲಗುವ ಮುಂಚೆ ಕಾಯಿಯ ನೆನಪಾಯಿತು. ಸಿಪ್ಪೆ ಸುಲಿದ ಕಾಯಿ ಒಣ ಬಿಸಿಗೆ ಬಿರಿಯುತ್ತದೆ ಎನ್ನುವುದು ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ತಂಪಿನಲ್ಲಿಡಬೇಕು. ಬಾಗಿಲು ತೆಗೆದು ಬಾಲ್ಕನಿಯ ಮೂಲೆಯಲ್ಲಿಟ್ಟು ನಿಶ್ಚಿಂತೆಯಿಂದ ಮಲಗಿದೆ.

ಮರುದಿನ ಸರೋವರಕ್ಕೆ ಹೋದೆವು. ವೆಸಿಯಾರ್ವಿ ಅದರ ಹೆಸರು. ಸರೋವರವೆಂದರೂ ನೀರೇ ಕಾಣುವುದಿಲ್ಲ. ದೊಡ್ಡದೊಂದು ಬಿಳಿ ಬಯಲು. ಅದರ ಮೇಲೆ ತಳ್ಳುಗಾಡಿಯಲ್ಲಿ ಮಗು ಮಲಗಿಸಿಕೊಂಡು ಹೋಗುವ ತಾಯಂದಿರು, ನಾಯಿಗಳು, ಹಲಗೆಯ ಮೇಲೆ ಜಾರುವ ಮುದುಕರು. ದಡದ ಆಚೆ ಕಾಡಿನ ನೆತ್ತಿಯಲ್ಲಿ ಮೂರು ಎತ್ತರದ ಹಾರುಗೋಪುರಗಳು. ಬೇಸಿಗೆಯಲ್ಲಿ ಅಲ್ಲಿ ಇಳಿಯುವ ಜಾಗದ ಬುಡದಲ್ಲೇ ಈಜುಕೊಳವಂತೆ. ನಾನು ಒಂದು ಕಾಲನ್ನು ದಡದಲ್ಲೇ ಇಟ್ಟು ಇನ್ನೊಂದನ್ನು ಮಂಜುಗಡ್ಡೆಯ ಮೇಲಿಟ್ಟೆ. ಅಷ್ಟರಲ್ಲಿ ಕಾಲ ಕೆಳಗೆಲ್ಲೋ ಗುಡುಂ ಎಂದಿತು. ಒಂದೇ ನೆಗೆತಕ್ಕೆ ದಡ ಸೇರಿದೆ.

ತೂತು ಕೊರೆದು ಮೀನಿಗೆ ಗಾಳ ಬಿಟ್ಟು ಕೂತಿದ್ದ ಮುದುಕಿಯೊಬ್ಬಳು ನನ್ನನ್ನು ನೋಡಿ ಏನೋ ಹೇಳಿದಳು. ಉಮಾ ಕನ್ನಡಕ್ಕೆ ತಿರುಗಿಸಿದಳು: "ಹೆದರ್ಕೋಬ್ಯಾಡ ಅಂತವ್ಳೆ. ಚಳಿಗೆ ನೀರು ಐಸಾದ್ರೆ ಹಿಗ್ಗತದಂತೆ. ಜಾಗ ಸಾಲ್ದೆ ಸದ್ದು ಮಾಡತದಂತೆ." ಮುದುಕಿ ತನ್ನ ಫ್ಲಾಸ್ಕಿನಿಂದ ನನಗೆ ಕಾಫಿ ಬಗ್ಗಿಸಿದಳು. ಕಹಿಯೆಂದರೆ ಕಹಿ. ಆ ಧೈರ್ಯದ ಮೇಲೆ ಸರೋವರದ ನಡುವಿನ ತನಕ ನಡೆದು ಬಂದೆ. ಹಿಗ್ಗುವ ವಿಷಯ ಮಾತ್ರ ಅಲ್ಲೇ ಮರೆತೆ.

ಮೂರನೆಯ ಬೆಳಿಗ್ಗೆ ಉಮಾ ಹಾರುವ ದಿನ. ಅರಿಶಿನ ಕುಂಕುಮ ತೆಗೆದುಕೊಂಡು ಬಾಲ್ಕನಿಗೆ ಹೋಗಿ ನೋಡಿದೆ. ಕಾಯಿ ನಡುವಿನಲ್ಲಿ ಸುತ್ತಲೂ ಬಿರಿದು, ಸೀಳಿನಲ್ಲಿ ಮಂಜುಗಡ್ಡೆ ಇಣುಕುತ್ತಿತ್ತು. ಗಿರಿಜಾ ಬಂದು ನೋಡಿದಳು.

"ಒಡೆಯೋ ಮುಂಚೇನೇ ಒಡೆದೋಗೈತೆ. ಬ್ಯಾಡ ಕಣಕ್ಕ. ಇವತ್ತು ಹಾರೋದು ಬ್ಯಾಡ."

ಬೂಟು ಹಾಕಿಕೊಳ್ಳುತ್ತಿದ್ದ ಉಮಾ ತಲೆ ಎತ್ತಲಿಲ್ಲ. ಹಾಕಿದ ಬೂಟನ್ನು ಬಿಚ್ಚಲೂ ಇಲ್ಲ. ಅವಳ ಕಣ್ಣಿಂದ ನೀರು ತೊಟ್ಟಿಕ್ಕುತ್ತಿತ್ತು.

"ಲೇ ಗಿರಿಜಾ, ಬಿಸಿಗೆ ಬಿರೀತದೆ ಅಂತ ಆಚೆ ಇಟ್ಟೋಳು ನಾನು. ನೀರು ಹೆಪ್ಪುಗಟ್ಟಿ ಚಿಪ್ಪು ಸೀಳಿ ಹೋಗೈತೆ, ಅಷ್ಟೇ. ನನ್ನ ಪೆದ್ದತನಕ್ಕೆ ಮಗು ಯಾಕೇ ಮನೇಲಿ ಕೂರಬೇಕು?"

"ನಿಂಗೊತ್ತಾಗಲ್ಲ. ಹೆತ್ತೋಳು ನಾನು."

ಆ ಮಾತು ಚುಚ್ಚಿತು. ನನಗೆ ಮಕ್ಕಳಿಲ್ಲ. ಆದರೂ ಬಿಡಲಿಲ್ಲ. "ಸರಿ, ಒಳಗೆ ನೋಡೋಣ. ಊರಲ್ಲಿ ಕಾಯಿ ಒಡೆದ ಮೇಲೆ ನೋಡಲ್ವೇನು? ಕೆಟ್ಟಿದ್ರೆ ನೀನು ಹೇಳಿದಂಗೇ ಆಗ್ಲಿ" ಎಂದೆ. ಹೇಳಿದ ಮೇಲೆ ನನಗೇ ಭಯವಾಯಿತು. ಕೆಟ್ಟಿದ್ದರೆ?

ಸೀಳಿಗೆ ಬೆರಳು ಹಾಕಿ ಎಳೆದೆ. ಎರಡು ಹೋಳಾಯಿತು. ಕಾಯಿ ಹಾಲಿನಷ್ಟು ಬಿಳುಪು. ಒಂದು ಹೋಳಿನಲ್ಲಿ ಕಾಯಿನೀರು ಗಟ್ಟಿಯಾಗಿ, ಕಿತ್ತುಕೊಂಡ ನನ್ನ ಉಂಡೆ ಕೊಬ್ಬರಿಯಂತೆಯೇ ಗುಂಡಗೆ ಕೂತಿತ್ತು. ಗಿರಿಜಾ ನಾಲಗೆಯ ತುದಿ ತಾಗಿಸಿದಳು. ಇನ್ನೊಮ್ಮೆ ತಾಗಿಸಿ ನೋಡಿದಳು.

"ಸೀಯಾಗೈತೆ" ಎಂದಳು ಕೊನೆಗೆ. ಆಮೇಲೆ ಮಗಳ ಹಣೆಗೆ ಕುಂಕುಮ ಇಟ್ಟು, "ನಡಿ. ಆದ್ರೆ ನಾನ್ ನೋಡಲ್ಲ" ಎಂದಳು. ಚಿಕ್ಕ ಗುಡ್ಡದಿಂದ ಹಾರುವಾಗಲೂ ಅವಳು ಒಮ್ಮೆಯೂ ನೋಡಿದವಳಲ್ಲ. ಬೆನ್ನು ತಿರುಗಿಸಿ ನಿಲ್ಲುತ್ತಿದ್ದಳಂತೆ.

ಗುಡ್ಡದ ಬುಡದಲ್ಲಿ ಎರಡು ಹೋಳನ್ನೂ ಹಿಮದ ಮೇಲಿಟ್ಟು ಕೈ ಮುಗಿದೆವು. ಕಾಯಿನೀರಿನ ಗಡ್ಡೆಯನ್ನು ಉಮಾ ಚೂರು ಮಾಡಿ ಸಾಲಿನಲ್ಲಿದ್ದ ಹುಡುಗಿಯರಿಗೆಲ್ಲ ಹಂಚಿದಳು. ಅವರು ಅದನ್ನು ಚೀಪಿಕೊಂಡೇ ಮೆಟ್ಟಿಲು ಹತ್ತಿದರು. ಗಿರಿಜಾ ಆಗಲೇ ಸರೋವರದ ಕಡೆಗೆ ತಿರುಗಿದ್ದಳು. ಅವಳ ಭುಜ ಹಿಡಿದು ಮೈದಾನದ ದನಿಯಲ್ಲಿ ಗದರಿದೆ: "ತಿರುಗೇ ಈ ಕಡೆ! ಮಗು ಹಾರ್ತಾ ಅವ್ಳೆ, ಕಣ್ಣು ಬಿಟ್ಟು ನೋಡು!"

ಅವಳು ತಿರುಗಿದಳು. ಮೇಲೆ, ಗುಡ್ಡದ ತುದಿಯ ಅಡ್ಡಪಟ್ಟಿಯ ಮೇಲೆ, ಉಮಾ ಕೂತಿದ್ದಳು. ಇಲ್ಲಿಂದ ನೋಡಿದರೆ ಅಂಗೈಯಷ್ಟೂ ಇಲ್ಲ. ಅಡ್ಡಪಟ್ಟಿ ಬಿಟ್ಟಳು.

ಸರ್ರ್ ಎಂದಿತು. ಆಮೇಲೆ ಸದ್ದಿಲ್ಲ. ಆಮೇಲೆ ಎದುರಿಗೆಲ್ಲೋ ಟಪ್ ಎಂದು ಹಲಗೆ ನೆಲಕ್ಕೆ ತಾಗಿದ ಸದ್ದು, ಹುಡುಗಿಯರ ಕೇಕೆ. ನನ್ನ ಕೈ ನೋಯುತ್ತಿತ್ತು, ಗಿರಿಜಾ ಅಷ್ಟು ಬಿಗಿಯಾಗಿ ಹಿಡಿದಿದ್ದಳು.

"ನೋಡ್ದೇನಕ್ಕ? ಕೈ ಹಿಂದಕ್ಕೆ ಚಾಚಿ ಗಾಳಿ ಮೇಲೆ ಮಲಗಿಬಿಟ್ಟಿದ್ಲು ಕಣಕ್ಕ. ಮಲಗಿಬಿಟ್ಟಿದ್ಲು!" ಎಂದಳು. ಆಮೇಲೆ ನನ್ನ ಮುಖ ನೋಡಿದಳು. ನಾನಿನ್ನೂ ಕಣ್ಣು ಮುಚ್ಚಿಕೊಂಡೇ ಇದ್ದೆ.

ಇನ್ನೂ ಒಂದು ವಾರ ಅಲ್ಲಿದ್ದೆ. ಗಿರಿಜಾ ದಿನಕ್ಕೆರಡು ಸಲ ಆ ಮಾತೆತ್ತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೊರಡುವ ದಿನ ರೈಲಿನ ಕಿಟಕಿಯಿಂದ ಆ ಗೋಪುರಗಳು ಮರೆಯಾಗುವ ತನಕ ನೋಡಿದೆ, ಕಣ್ಣು ಬಿಟ್ಟುಕೊಂಡೇ.

ಕಿಬ್ಬನಹಳ್ಳಿಯಲ್ಲಿ ಬಸ್ಸಿಳಿದಾಗ ಹೊರಡುವಾಗಲೇ ನನ್ನಿಂದ ಸುದ್ದಿಯೆಲ್ಲ ಕೇಳಿದ್ದ ಹೂವು ಮಾರುವ ಜಯಮ್ಮ ಪೆಟ್ಟಿಗೆ ನೋಡಿ ಕೇಳಿದಳು, "ಹೆಂಗೆ ಹಾರಿದ್ಲು ಮೇಡಮ್ಮೋರೆ ನಿಮ್ಮುಡುಗಿ?"

"ಕೈ ಹಿಂದಕ್ಕೆ ಚಾಚಿ, ಗಾಳಿ ಮೇಲೆ ಮಲಗಿಬಿಟ್ಟಿದ್ಲು ಕಣಮ್ಮ" ಎಂದೆ.

"ಅಯ್ಯೋ ಶಿವನೇ! ಕಣ್ಣಾರೆ ನೋಡಿದ್ರಾ?"

"ಅವರಮ್ಮ ನೋಡಿದ್ಲು" ಎಂದೆ.